ಸೌತ್ ಓಕ್ ಕ್ಲಿಫ್ ಮತ್ತೆ ಎದ್ದು ನಿಂತಿದ್ದು ಹೇಗೆ? ಪ್ಲೇಆಫ್ ಲೆಕ್ಕ ಗೊತ್ತಿರೋರು ಬನ್ನಿ

ಬಯಲುಸೀಮೆ_ಡಲ್ಲಾಸ್
ಟೆಕ್ಸಸ್ ಹೈಸ್ಕೂಲ್ ಫುಟ್‌ಬಾಲ್ (ಹೆಲ್ಮೆಟ್ ಹಾಕ್ಕೊಂಡು ಆಡೋದು, ಕಾಲ್ಚೆಂಡಲ್ಲ) ನೋಡೋ ಕನ್ನಡದವರು ಇಲ್ಲಿ ಸುಮಾರು ಜನ ಇದ್ದೀರಿ. ಡಲ್ಲಾಸ್ ನಗರದ ಸರ್ಕಾರಿ ಶಾಲೆಗಳಿಗೆ 1950ರಲ್ಲಿ ಸನ್‌ಸೆಟ್ ಶಾಲೆ ಗೆದ್ದ ಮೇಲೆ ಯುಐಎಲ್ (ಟೆಕ್ಸಸ್ ಶಾಲೆಗಳ ಆಟ ನಡೆಸೋ ಸಂಸ್ಥೆ) ದಾಖಲೆಯಲ್ಲಿ ಉಳಿದ ರಾಜ್ಯ ಪ್ರಶಸ್ತಿ ಒಂದೂ ಇರಲಿಲ್ಲ. ಅಲ್ಲಿನದೇ ಶಾಲೆ ಸೌತ್ ಓಕ್ ಕ್ಲಿಫ್ ರಾಜ್ಯ ಫೈನಲ್‌ನಲ್ಲಿ 2021ರಲ್ಲಿ ಲಿಬರ್ಟಿ ಹಿಲ್ ಮೇಲೆ 23-14, 2022ರಲ್ಲಿ ಪೋರ್ಟ್ ನೆಚಸ್-ಗ್ರೋವ್ಸ್ ಮೇಲೆ 34-24 ಗೆದ್ದಿತು. 2023ರಲ್ಲಿ ಅದೇ ಪೋರ್ಟ್ ನೆಚಸ್-ಗ್ರೋವ್ಸ್ ಕೈಲಿ 20-17ಕ್ಕೆ ಸೋಲು, 2024ರ ಫೈನಲ್‌ನಲ್ಲಿ ರಿಚ್ಮಂಡ್ ರ್ಯಾಂಡಲ್ ಕೈಲಿ ಸೋಲು. ಅಂದ್ರೆ ನಾಲ್ಕು ವರ್ಷ ಬಿಡದೆ ಫೈನಲ್.

ನನ್ನ ಪ್ರಶ್ನೆ ಎರಡು. ಒಂದು, ಇದು ಒಳ್ಳೆ ಬ್ಯಾಚ್ ಸಿಕ್ಕಿದ್ದರ ಫಲವೋ, ಕಟ್ಟಿ ಬೆಳೆಸಿದ್ದೋ? ಎರಡು, ಸೀಸನ್ ಶುರುವಲ್ಲಿ ದೊಡ್ಡ ಶಾಲೆಗಳ ಕೈಲಿ ಸೋತ ತಂಡವೂ ಪಟ್ಟಿಯಲ್ಲಿ ಮೊದಲನೇ ಸ್ಥಾನದಲ್ಲೇ ಇರುತ್ತಲ್ಲ, ಆ ಲೆಕ್ಕ ಏನು?

ಕೋಲಾರ_ಕಿಕ್ಕರ್
ಬ್ಯಾಚ್ ಗುರೂ. ನಾಲ್ಕು ವರ್ಷ ಅಂದ್ರೆ ಒಂಬತ್ತನೇ ಕ್ಲಾಸಿಂದ ಹನ್ನೆರಡರವರೆಗೆ ಒಂದೇ ಗುಂಪು.

ಧಾರವಾಡ_ಡಿ_ಲೈನ್
ಇಲ್ಲ ಬಿಡ್ರಿ, ಅದು ತಪ್ಪು. 2021ರಾಗ ಆಡಿದ ಹನ್ನೆರಡನೇ ಕ್ಲಾಸಿನ ಹುಡುಗರು 2022ಕ್ಕ ಇಲ್ಲ. 2024ರ ಫೈನಲ್ ಆಡಿದವರೊಳಗ ಭಾಳ ಮಂದಿ ಮೊದಲನೇ ಪ್ರಶಸ್ತಿ ಬಂದಾಗ ಒಂಬತ್ತನೇದಾಗೋ ಮಿಡಲ್ ಸ್ಕೂಲ್‌ನಾಗೋ ಇದ್ದವರು. ಒಂದ ಬ್ಯಾಚ್ ಎರಡು ವರ್ಷ ಎಳೀಬಹುದು, ನಾಲ್ಕು ಆಗಂಗಿಲ್ಲ. ಇದು ಕಟ್ಟಿದ್ದ.

ಕಟ್ಟೂದು ಅಂದ್ರ ಏನು ಅಂತ ಹೇಳ್ತೀನಿ. ಟೆಕ್ಸಸ್‌ನಾಗ ಶಾಲೀ ವೇಳಾಪಟ್ಟಿಯೊಳಗ ಒಂದು ಪೀರಿಯಡ್ ಆಟಕ್ಕಂತನ ಇರತದ, ಅಥ್ಲೆಟಿಕ್ ಪೀರಿಯಡ್ ಅಂತಾರ. ಜನವರಿಯಿಂದ ಮೇ ತನಕ ಆ ಪೀರಿಯಡ್‌ನಾಗ ಸ್ಕ್ವಾಟ್, ಪವರ್ ಕ್ಲೀನ್, ಓಟ. ನವೆಂಬರ್‌ನಾಗ ಗೆಲ್ಲೂದು ಅಲ್ಲಿ ಹುಟ್ಟತದ. ಎರಡನೇದು, ಮಿಡಲ್ ಸ್ಕೂಲಿನ ತಂಡಗಳು ಹೈಸ್ಕೂಲಿನ ಅದ ಪ್ಲೇ ಹೆಸರು, ಅದ ಸನ್ನಿ ಕಲೀಬೇಕು. ಹುಡುಗ ಒಂಬತ್ತನೇದಕ್ಕ ಬಂದಾಗ ಭಾಷಾ ಹೊಸದಾಗಿ ಕಲಿಯೂ ಕೆಲಸ ಉಳಿಯಂಗಿಲ್ಲ. ಮೂರನೇದು, ಹೆಡ್ ಕೋಚ್ ಬದಲಾಗಬಾರದು. ಜೇಸನ್ ಟಾಡ್ ಅಲ್ಲೇ ಗಟ್ಟಿಯಾಗಿ ನಿಂತಾರ. ಎರಡ ವರ್ಷಕ್ಕೊಬ್ಬ ಕೋಚ್ ಬಂದ್ರ ಪ್ರತಿ ಸಲ ಸೊನ್ನಿಯಿಂದ ಶುರು.

ಸಾಗರ_ಸೇಫ್ಟಿ
ಕಟ್ಟಡದ ಸುದ್ದಿ ಬಿಟ್ರಲ್ಲ. 2015ರ ಡಿಸೆಂಬರ್‌ನಲ್ಲಿ ಅಲ್ಲಿನ ವಿದ್ಯಾರ್ಥಿಗಳು ತರಗತಿ ಬಿಟ್ಟು ಹೊರಗೆ ಬಂದು ಪ್ರತಿಭಟನೆ ಮಾಡಿದ್ರು. ಸೋರುವ ಮಾಡು, ಹೀಟರ್ ಕೆಲಸ ಮಾಡದ ಕೋಣೆಗಳು. ಆಮೇಲೆ ಬಾಂಡ್ ಹಣ ಬಂತು, 5 ಕೋಟಿ ಡಾಲರಿಗೂ ಹೆಚ್ಚು ಖರ್ಚು ಮಾಡಿ ನವೀಕರಣ ಆಯ್ತು. ಕೆಲಸ ನಡೆಯೋವಾಗ ಮಕ್ಕಳು ಬೇರೆ ಕ್ಯಾಂಪಸ್ಸಿನಲ್ಲಿ ಓದಿದ್ರು, 2020ರ ಜನವರಿಯಲ್ಲಿ ವಾಪಸ್ ಬಂದ್ರು. ಮರುವರ್ಷ ಪ್ರಶಸ್ತಿ. ಶಾಲೆ ಮೇಲೆ ಊರಿಗೆ ಮತ್ತೆ ನಂಬಿಕೆ ಬಂದಿದ್ದು ಅಲ್ಲಿಂದ. ಅಕ್ಕಪಕ್ಕದ ಬೀದಿಯ ಆಟಗಾರ ಬೇರೆ ಶಾಲೆ ಹುಡುಕ್ಕೊಂಡು ಹೋಗೋದು ನಿಂತ್ರೆ ತಂಡ ತಾನಾಗೇ ಗಟ್ಟಿಯಾಗುತ್ತೆ.

ಕೋಲಾರ_ಕಿಕ್ಕರ್
ಜನವರಿ 2020ರಿಂದ ಡಿಸೆಂಬರ್ 2021, ಹತ್ತಿರ ಹತ್ತಿರ ಎರಡು ವರ್ಷ. "ಮರುವರ್ಷ" ಅಂತ ಅನ್ನೋದು ಸ್ವಲ್ಪ ಎಳೆದಂಗಾಯ್ತು.

ಸಾಗರ_ಸೇಫ್ಟಿ
ಎರಡನೇ ಸೀಸನ್ ಅನ್ನಿ. ಒಪ್ಪಿದೆ.

ಮೈಸೂರು_ಮಾರ್ಜಿನ್
ಎರಡನೇ ಪ್ರಶ್ನೆಗೆ ಉತ್ತರ. ಒಂದು ತಂಡಕ್ಕೆ ನಿಯಮಿತ ಸೀಸನ್‌ನಲ್ಲಿ 10 ಆಟ. ಡಿಸ್ಟ್ರಿಕ್ಟ್ ಅಂದ್ರೆ ತಮ್ಮೊಳಗೆ ಆಡೋ ಶಾಲೆಗಳ ಗುಂಪು. ಅದರಲ್ಲಿ 8 ಶಾಲೆ ಇದ್ರೆ 7 ಡಿಸ್ಟ್ರಿಕ್ಟ್ ಆಟ, ಉಳಿದ 3 ಹೊರಗಿನ ಆಟ. 7 ಶಾಲೆ ಇದ್ರೆ 6 ಮತ್ತು 4. ಪಟ್ಟಿಯಲ್ಲಿ ಲೆಕ್ಕಕ್ಕೆ ಬರೋದು ಡಿಸ್ಟ್ರಿಕ್ಟ್ ಆಟ ಮಾತ್ರ. ಆಗಸ್ಟ್ ಕೊನೆ, ಸೆಪ್ಟೆಂಬರ್ ಶುರುವಿನ ಹೊರಗಿನ ಆಟ ಮೂರೂ ಸೋತ್ರೂ ಸ್ಥಾನ ಒಂದಿಂಚು ಅಲ್ಲಾಡಲ್ಲ. ಅದಕ್ಕೇ ಪತ್ರಿಕೆಯಲ್ಲಿ ಎರಡು ಅಂಕಣ ಇರುತ್ತೆ, "ಡಿಸ್ಟ್ರಿಕ್ಟ್" ಮತ್ತು "ಒಟ್ಟು". ನೋಡಬೇಕಾದ್ದು ಮೊದಲನೇದು.

ಪ್ರತಿ ಡಿಸ್ಟ್ರಿಕ್ಟ್‌ನಿಂದ ಮೊದಲ 4 ತಂಡ ಪ್ಲೇಆಫ್‌ಗೆ. ಸೌತ್ ಓಕ್ ಕ್ಲಿಫ್ ಈ ಫೈನಲ್‌ಗಳನ್ನ ಆಡಿದ 5ಎ ಡಿವಿಜನ್ 2ರಲ್ಲಿ (ಶಾಲೆಯ ಗಾತ್ರದ ಮೇಲೆ ಮಾಡೋ ವರ್ಗ, 6ಎ ಎಲ್ಲಕ್ಕಿಂತ ದೊಡ್ಡದು) 16 ಡಿಸ್ಟ್ರಿಕ್ಟ್, ಅಂದ್ರೆ 64 ತಂಡ. ಬೈ-ಡಿಸ್ಟ್ರಿಕ್ಟ್, ಏರಿಯಾ, ರೀಜನಲ್ ಸೆಮಿ, ರೀಜನಲ್ ಫೈನಲ್, ರಾಜ್ಯ ಸೆಮಿ, ಫೈನಲ್, ಒಟ್ಟು 6 ಸುತ್ತು. ಎಲ್ಲ ಗೆದ್ರೆ 16 ಆಟ. ಸೋತ್ರೆ ಅಲ್ಲಿಗೇ ಮುಗೀತು, ಎರಡನೇ ಅವಕಾಶ ಇಲ್ಲ.

ಹಾಸನ_ಹಡಲ್
ಡಿವಿಜನ್ ಒಂದು, ಎರಡು ಅಂತ ನವೆಂಬರ್‌ನಲ್ಲಿ, ಅರ್ಹತೆ ಸಿಕ್ಕ ಮೇಲೆ ತಾನೇ ವಿಂಗಡಿಸೋದು?

ಮೈಸೂರು_ಮಾರ್ಜಿನ್
ಅದು 6ಎಯಲ್ಲಿ ಮಾತ್ರ, ಸರ್. 5ಎ ಮತ್ತು ಅದಕ್ಕಿಂತ ಚಿಕ್ಕ ಶಾಲೆಗಳಿಗೆ ಎರಡು ವರ್ಷಕ್ಕೊಮ್ಮೆ ಆಗೋ ರೀಅಲೈನ್‌ಮೆಂಟ್ (ಶಾಲೆಗಳ ಮರುವಿಂಗಡಣೆ) ಹೊತ್ತಲ್ಲೇ ಡಿವಿಜನ್ ನಿಗದಿ. ಶಾಲೆಯ ಮಕ್ಕಳ ಸಂಖ್ಯೆಯೇ ಅಳತೆ.

6ಎಯಲ್ಲಿ ಹಾಗಲ್ಲ. ಡಿಸ್ಟ್ರಿಕ್ಟ್‌ನ 4 ಅರ್ಹ ತಂಡಗಳಲ್ಲಿ ಮಕ್ಕಳ ಸಂಖ್ಯೆ ಹೆಚ್ಚಿರೋ 2 ಶಾಲೆ ಡಿವಿಜನ್ 1ಕ್ಕೆ, ಕಮ್ಮಿ ಇರೋ 2 ಡಿವಿಜನ್ 2ಕ್ಕೆ. ಹಾಗಾಗಿ ಕೊನೇ ವಾರ ಯಾರು ನಾಲ್ಕನೇ ಸ್ಥಾನ ಹಿಡಿದ್ರು ಅನ್ನೋದರ ಮೇಲೆ ಚಾಂಪಿಯನ್ ತಂಡದ ದಾರಿಯೇ ಬದಲಾಗಬಹುದು. ದೊಡ್ಡ ಶಾಲೆ ನಾಲ್ಕನೇದಾಗಿ ಬಂದ್ರೆ ಮಧ್ಯದ ಗಾತ್ರದ ಶಾಲೆ ಡಿವಿಜನ್ 2ಕ್ಕೆ ಇಳಿಯುತ್ತೆ. ಡಂಕನ್‌ವಿಲ್ ಡಿವಿಜನ್ 1ರಲ್ಲೂ ಡಿಸೋಟೊ ಡಿವಿಜನ್ 2ರಲ್ಲೂ 2022 ಮತ್ತು 2023 ಎರಡೂ ವರ್ಷ ಗೆದ್ದಿದ್ದು ಈ ವಿಂಗಡಣೆಯಿಂದಲೇ. ಅಕ್ಕಪಕ್ಕದ ಊರು, ಪ್ಲೇಆಫ್‌ನಲ್ಲಿ ಮುಖಾಮುಖಿ ಆಗಬೇಕಾಗೇ ಬರಲಿಲ್ಲ.

ಹಾಸನ_ಹಡಲ್
ಸರಿ ಹೋಯ್ತು, ಧನ್ಯವಾದ. ಮೂರು ತಂಡ ಸಮ ಆದ್ರೆ?

ಮೈಸೂರು_ಮಾರ್ಜಿನ್
ಸೀಸನ್ ಶುರುವಾಗೋ ಮುಂಚೆ ಡಿಸ್ಟ್ರಿಕ್ಟ್ ಎಕ್ಸಿಕ್ಯುಟಿವ್ ಕಮಿಟಿ ಬರೆದಿಟ್ಟ ನಿಯಮದ ಪ್ರಕಾರ. ಎಲ್ಲ ಕಡೆ ಒಂದೇ ಅಲ್ಲ, ನಿಮ್ಮ ಡಿಸ್ಟ್ರಿಕ್ಟ್‌ದು ಕೇಳಿ ತಿಳ್ಕೊಬೇಕು. ಇಬ್ಬರು ಸಮ ಆದ್ರೆ ಒಬ್ಬರಿಗೊಬ್ಬರು ಆಡಿದ್ದರಲ್ಲಿ ಗೆದ್ದವರು ಮೇಲೆ. ಮೂವರು ಒಬ್ಬರನ್ನೊಬ್ಬರು ಸುತ್ತಿ ಸೋಲಿಸಿದ್ರೆ ಅಂಕದ ಅಂತರ, ಅದಕ್ಕೊಂದು ಮಿತಿ. ಮಿತಿ 15 ಅಂತ ಇಟ್ಕೊಂಡು ನೋಡಿ:

ಅ ತಂಡ ಬ ಮೇಲೆ 35 ಅಂಕದಿಂದ ಗೆದ್ದಿದೆ. ಬ ತಂಡ ಕ ಮೇಲೆ 14ರಿಂದ. ಕ ತಂಡ ಅ ಮೇಲೆ 17ರಿಂದ.
ಮಿತಿ ಇಲ್ಲದೆ: ಅ +18, ಕ +3, ಬ -21. ಅ ಮೊದಲು.
ಮಿತಿ 15 ಹಾಕಿದ್ರೆ 35 ಮತ್ತು 17 ಎರಡೂ 15 ಆಗುತ್ತೆ: ಕ +1, ಅ 0, ಬ -1. ಕ ಮೊದಲು.

ಒಂದೇ ಒಂದು ಅಂಕ. ಬ ತಂಡ ಕ ಮೇಲೆ 14ರ ಬದಲು 15ರಿಂದ ಗೆದ್ದಿದ್ರೆ ಮೂವರೂ ಸೊನ್ನೆ, ಆಗ ನಾಣ್ಯ. ಅದಕ್ಕೇ ಕೊನೇ ನಿಮಿಷದಲ್ಲಿ ಗೆದ್ದಾಗಿರೋ ತಂಡವೂ ಫೀಲ್ಡ್ ಗೋಲ್ (3 ಅಂಕದ ಕಿಕ್) ಒದೆಯುತ್ತೆ. ನೋಡೋರಿಗೆ ಅಹಂಕಾರ ಅನ್ನಿಸುತ್ತೆ, ಕೋಚ್ ಪಾಲಿಗೆ ಅದು ಲೆಕ್ಕ.

ಆರ್‌ಸಿಬಿ_ಅಭಿಮಾನಿ_ಐರ್ವಿಂಗ್
ನಮ್ಮ ನೆಟ್ ರನ್ ರೇಟ್ ಥರಾನೇ! 2024ರ ಮೇ 18, ಚಿನ್ನಸ್ವಾಮಿ. ಚೆನ್ನೈ ಮೇಲೆ 18 ರನ್‌ಗಿಂತ ಕಡಿಮೆ ಅಂತರದಲ್ಲಿ ಗೆದ್ರೂ ಸಾಲಲ್ಲ ಅನ್ನೋ ಪರಿಸ್ಥಿತಿ. 27ರಿಂದ ಗೆದ್ವಿ. ಮೊದಲ 8ರಲ್ಲಿ 1 ಗೆಲುವು, ಆಮೇಲೆ ಸತತ 6. ಪುನರುತ್ಥಾನ ಅಂದ್ರೆ ಅದು.

ಧಾರವಾಡ_ಡಿ_ಲೈನ್
ಅಣ್ಣಾ, ಐಪಿಎಲ್‌ನಾಗ ಮಿತಿ ಇಲ್ಲ, ಅಲ್ಲೇ ಫರಕ. ಇಲ್ಲಿ ಮಿತಿ ಇಟ್ಟಿದ್ದು ಹೈಸ್ಕೂಲ್ ಹುಡುಗರು ಅಂತ. ಸಣ್ಣ ಶಾಲೀ ಮ್ಯಾಲೆ 70 ಹೊಡೀಲಿ ಅಂತ ನಿಯಮನ ಪುಸಲಾಯಿಸಬಾರದು.

ಆರ್‌ಸಿಬಿ_ಅಭಿಮಾನಿ_ಐರ್ವಿಂಗ್
ಆದ್ರೂ 35 ಅಂಕದಿಂದ ಗೆದ್ದ ತಂಡ ಕೆಳಗೆ ಹೋಗೋದು ಅನ್ಯಾಯ.

ಧಾರವಾಡ_ಡಿ_ಲೈನ್
ಆ ತಂಡ 17ರಿಂದ ಸೋತದ ಅನ್ನೂದನ್ನ ಮರೀಬ್ಯಾಡ್ರಿ. ಅನ್ಯಾಯ ಏನಿಲ್ಲ.

ಪುತ್ತೂರು_ಪಂಟ್
ನಾಣ್ಯದ ಮಾತು ಬಂತಲ್ಲ ಮಾರಾಯ್ರೆ, 1988 ನೆನಪಾಯ್ತು. ಪಶ್ಚಿಮ ಟೆಕ್ಸಸ್‌ನಲ್ಲಿ ಒಡೆಸ್ಸಾ ಪರ್ಮಿಯನ್, ಮಿಡ್‌ಲ್ಯಾಂಡ್ ಲೀ, ಮಿಡ್‌ಲ್ಯಾಂಡ್ ಹೈ ಮೂರೂ ಸಮ. ಆಗ ಡಿಸ್ಟ್ರಿಕ್ಟ್‌ಗೆ ಎರಡೇ ಜಾಗ. ನಡುರಾತ್ರಿ ಲಾರಿಗಳು ನಿಲ್ಲುವ ಒಂದು ಜಾಗದಲ್ಲಿ ಮೂವರು ಕೋಚ್‌ಗಳು ಸೇರಿ ನಾಣ್ಯ ಹಾರಿಸಿದ್ರು, ಟಿವಿಯಲ್ಲಿ ನೇರಪ್ರಸಾರ. ಮಿಡ್‌ಲ್ಯಾಂಡ್ ಹೈ ಹೊರಗೆ. ಪರ್ಮಿಯನ್ ಸೆಮಿಫೈನಲ್ ತನಕ ಹೋಗಿ ಡಲ್ಲಾಸ್ ಕಾರ್ಟರ್ ಕೈಲಿ 14-9ಕ್ಕೆ ಸೋತಿತು.

ಹಾಸನ_ಹಡಲ್
ಹಾಗಾದ್ರೆ ಕಾರ್ಟರ್ ಆ ವರ್ಷ ಗೆದ್ದಿತಲ್ಲ? ಡಲ್ಲಾಸ್ ನಗರದ್ದೇ ಶಾಲೆ ಅದು. ಮೇಲೆ "1950ರ ಮೇಲೆ ಒಂದೂ ಇಲ್ಲ" ಅಂತ ಬರೆದಿದ್ದು ತಪ್ಪಾಗಲ್ವಾ?

ಬಯಲುಸೀಮೆ_ಡಲ್ಲಾಸ್
ಅದಕ್ಕೇ "ದಾಖಲೆಯಲ್ಲಿ ಉಳಿದ" ಅಂತ ಬರೆದಿದ್ದು. ಕಾರ್ಟರ್ ಪ್ರಶಸ್ತಿಯನ್ನ ಆಮೇಲೆ ಯುಐಎಲ್ ಕಿತ್ತುಕೊಂಡು ಫೈನಲ್‌ನಲ್ಲಿ ಸೋತಿದ್ದ ಕನ್ವರ್ಸ್ ಜಡ್ಸನ್‌ಗೆ ಕೊಟ್ಟಿತು. ಒಬ್ಬ ಆಟಗಾರನ ಆಲ್ಜಿಬ್ರಾ ಅಂಕದ ವ್ಯಾಜ್ಯ, ಕೋರ್ಟು ಕಚೇರಿ ಎಲ್ಲ ಆಗಿತ್ತು.

ತುಮಕೂರು_ಟ್ಯಾಕಲ್
ಇನ್ನೊಂದು ತಿದ್ದುಪಡಿ, ಇದು ಮುಖ್ಯ. 1960ರ ದಶಕದ ಕೊನೆಯ ಹೊತ್ತಿನವರೆಗೆ ಕಪ್ಪು ಮಕ್ಕಳ ಶಾಲೆಗಳಿಗೆ ಯುಐಎಲ್‌ನಲ್ಲಿ ಜಾಗವೇ ಇರಲಿಲ್ಲ, ಪ್ರೈರಿ ವ್ಯೂ ಲೀಗ್ ಅಂತ ಬೇರೆಯೇ ಇತ್ತು. ಡಲ್ಲಾಸ್‌ನ ಬೂಕರ್ ಟಿ. ವಾಷಿಂಗ್ಟನ್ ಶಾಲೆ ಆ ಲೀಗಿನ ಪ್ರಶಸ್ತಿ ಗೆದ್ದಿದೆ. "ಯುಐಎಲ್‌ನಲ್ಲಿ" ಅನ್ನೋ ಪದ ಬಿಟ್ಟು "ಡಲ್ಲಾಸ್ ಶಾಲೆಗಳು ಇಷ್ಟು ವರ್ಷ ಗೆದ್ದೇ ಇಲ್ಲ" ಅಂತ ಬರೆಯೋರು ಆ ಮಕ್ಕಳ ಆಟವನ್ನ ಲೆಕ್ಕದಿಂದಲೇ ಅಳಿಸಿಹಾಕ್ತಾರೆ. ಸೌತ್ ಓಕ್ ಕ್ಲಿಫ್ ಬಗ್ಗೆ ಮಾತಾಡೋವಾಗ ಈ ಎಚ್ಚರ ಇರಲೇಬೇಕು.

ಬಯಲುಸೀಮೆ_ಡಲ್ಲಾಸ್
ಸರಿಯಾಗಿ ಹೇಳಿದ್ರಿ. ಒಪ್ಪಿದೆ.

ಶಿರಸಿ_ಅಕ್ಕ
ಆಲ್ಜಿಬ್ರಾ ವಿಚಾರ ಬಂತು, ಅಪ್ಪ ಅಮ್ಮಂದಿರು ಇದನ್ನ ಸರಿಯಾಗಿ ತಿಳ್ಕೊಳ್ಳಿ. 1984ರಲ್ಲಿ ಟೆಕ್ಸಸ್ ತಂದ ಕಾನೂನು, ನೋ ಪಾಸ್ ನೋ ಪ್ಲೇ. ಒಂದು ವಿಷಯದಲ್ಲಿ 70ಕ್ಕಿಂತ ಕಡಿಮೆ ಬಂದ್ರೂ ಆಡೋ ಹಾಗಿಲ್ಲ. ಗ್ರೇಡಿಂಗ್ ಅವಧಿ ಮುಗಿದು 7 ದಿನಕ್ಕೆ ಜಾರಿಗೆ ಬರುತ್ತೆ. 3 ವಾರ ಆದ್ಮೇಲೆ ಮತ್ತೆ ಅಂಕ ನೋಡ್ತಾರೆ, ಎಲ್ಲ ವಿಷಯದಲ್ಲೂ ಪಾಸ್ ಇದ್ರೆ ಆಟಕ್ಕೆ ವಾಪಸ್. ಆ ಅವಧಿಯಲ್ಲಿ ಅಭ್ಯಾಸ ಮಾಡಬಹುದು, ಪಂದ್ಯ ಆಡೋ ಹಾಗಿಲ್ಲ.

ತೊಂದರೆ ಎಲ್ಲಿ ಅಂದ್ರೆ ಆರು ವಾರದ ಮೊದಲ ಅವಧಿ ಮುಗಿಯೋದು ಡಿಸ್ಟ್ರಿಕ್ಟ್ ಆಟ ನಡೀತಿರೋವಾಗ. ಒಬ್ಬ ಲೆಫ್ಟ್ ಟ್ಯಾಕಲ್ ಇಂಗ್ಲಿಷಿನಲ್ಲಿ 68 ತಗೊಂಡ ಅಂದ್ರೆ ಮೂರು ಡಿಸ್ಟ್ರಿಕ್ಟ್ ಆಟ ಹೋಯ್ತು. ಎದ್ದು ನಿಂತ ತಂಡಗಳಲ್ಲೆಲ್ಲ ಕೋಚ್‌ಗಳು ಪ್ರತಿ ವಾರ ಅಂಕಪಟ್ಟಿ ನೋಡ್ತಾರೆ, ಆರು ವಾರ ಮುಗಿಯೋವರೆಗೆ ಕಾಯಲ್ಲ. ಟ್ಯೂಟರಿಂಗ್ ಬೆಳಿಗ್ಗೆ ಅಭ್ಯಾಸಕ್ಕೆ ಮುಂಚೆ. ಅದನ್ನ ನಾನು ಭಾರ ಎತ್ತೋದಕ್ಕಿಂತ ದೊಡ್ಡ ಕೆಲಸ ಅಂತೀನಿ.

ಕೋಲಾರ_ಕಿಕ್ಕರ್
ಅಕ್ಕಾ, ಎಪಿ ಕ್ಲಾಸ್‌ಗೂ ಇದೇ 70 ಲೆಕ್ಕಾನಾ?

ಶಿರಸಿ_ಅಕ್ಕ
ಎಪಿ, ಆನರ್ಸ್ ಥರದ ಕಷ್ಟದ ಕೋರ್ಸ್‌ಗಳಿಗೆ ವಿನಾಯಿತಿ ಕೊಡೋಕೆ ಅವಕಾಶ ಇದೆ. ಯಾವ ಕೋರ್ಸ್, ಎಷ್ಟು ಅಂಕದವರೆಗೆ ಅನ್ನೋದನ್ನ ನಿಮ್ಮ ಶಾಲೆಯ ಕೌನ್ಸೆಲರ್ ಹತ್ರ ಆಗಸ್ಟ್‌ನಲ್ಲೇ ಕೇಳಿ. ಅಂಕ ಬಂದ ಮೇಲೆ ಕೇಳಿದ್ರೆ ತಡ ಆಗಿರುತ್ತೆ.

ಕೋಲಾರ_ಕಿಕ್ಕರ್
ಎಲ್ಲ ಸರಿ, ವರ್ಗಾವಣೆ ವಿಷಯ ಯಾರೂ ಎತ್ತುತ್ತಿಲ್ಲ. ಗೆಲ್ಲೋ ಶಾಲೆಗೆ ಎಲ್ಲ ಕಡೆಯಿಂದ ಆಟಗಾರರು ಬರ್ತಾರೆ. ಇದೂ ಪುನರುತ್ಥಾನವಾ?

ತುಮಕೂರು_ಟ್ಯಾಕಲ್
ಬಂದು ನಿಂತ ತಕ್ಷಣ ಆಡೋಕಾಗಲ್ಲ. ಹಿಂದಿನ ಶಾಲೆಯಲ್ಲಿ ಆಡಿದ್ದ ಹುಡುಗ ಹೊಸ ಶಾಲೆಯ ವಾರ್ಸಿಟಿ (ಮುಖ್ಯ ತಂಡ) ಆಡಬೇಕಾದ್ರೆ ಹಿಂದಿನ ಭಾಗವಹಿಸುವಿಕೆಯ ಫಾರಂ ತುಂಬಬೇಕು. ತಂದೆತಾಯಿ ಸಹಿ, ಹಳೇ ಶಾಲೆಯ ಅಭಿಪ್ರಾಯ, ಆಮೇಲೆ ಡಿಸ್ಟ್ರಿಕ್ಟ್ ಕಮಿಟಿ. ಆಟಕ್ಕೋಸ್ಕರವೇ ಬದಲಿಸಿದ್ದು ಅಂತ ಕಂಡ್ರೆ ಒಂದು ವರ್ಷ ವಾರ್ಸಿಟಿ ಇಲ್ಲ. ಆ ಕಮಿಟಿಯಲ್ಲಿ ಕೂರೋದು ಎದುರಾಳಿ ಶಾಲೆಗಳವರೇ. ಇದರ ಮೇಲೆ ವಯಸ್ಸು: ಸೆಪ್ಟೆಂಬರ್ 1ಕ್ಕೆ 19 ತುಂಬಿರಬಾರದು.

ಕೋಲಾರ_ಕಿಕ್ಕರ್
ಫಾರಂ ಇದೆ ಅಂದ ಮಾತ್ರಕ್ಕೆ ಬರೋದು ನಿಂತಿದೆಯಾ? ಬಾಡಿಗೆ ಮನೆ ಬದಲಿಸಿದ್ರೆ ಆಯ್ತು. ಡಲ್ಲಾಸ್ ಸುತ್ತಮುತ್ತ ಇದು ದೊಡ್ಡ ಜಗಳ.

ಧಾರವಾಡ_ಡಿ_ಲೈನ್
ಬರ್ತಾರ, ಇಲ್ಲ ಅನ್ನಂಗಿಲ್ಲ. ಆದರ ಬರೇ ಬಂದವರಿಂದ ರಕ್ಷಣಾ ಸಾಲು ಆಗಂಗಿಲ್ಲ. 2021ರ ಫೈನಲ್ ತಗೋರಿ. ಆಗ ಲಿಬರ್ಟಿ ಹಿಲ್ ಆಡತಿದ್ದದ್ದು ಸ್ಲಾಟ್-ಟಿ, ಚೆಂಡು ಹಿಡಕೊಂಡು ಓಡೂ ಪದ್ಧತಿ. ಕ್ವಾರ್ಟರ್‌ಬ್ಯಾಕ್ ಸೆಂಟರ್ ಹಿಂದನ ನಿಂತಿರ್ತಾನ, ಓಡೂ ಹುಡುಗರು ಹತ್ತಿರ ಹತ್ತಿರ, ಲೈನ್‌ಮನ್‌ಗಳ ನಡುವ ಜಾಗ ಕಡಿಮಿ. ಸ್ನ್ಯಾಪ್ ಆದ ಕೂಡ್ಲೆ ಮೂರು ಜನ ಮೂರು ದಿಕ್ಕಿಗೆ, ಎಲ್ಲಾರೂ ಚೆಂಡು ತಮ್ಮ ಹತ್ರನ ಅದ ಅನ್ನೂ ಹಂಗ ಬಗ್ಗಿ ಓಡ್ತಾರ. ಲೈನ್‌ಬ್ಯಾಕರ್ ಚೆಂಡು ಹುಡುಕಾಕ ಹೋದಾ ಅಂದ್ರ ಮುಗೀತು, ಇನ್ನೊಂದು ಕಡಿಯಿಂದ 40 ಗಜ.

ಅದನ್ನ ನಿಲ್ಲಿಸಬೇಕಂದ್ರ ಚೆಂಡು ನೋಡಬಾರದು, ಗಾರ್ಡ್ (ಸೆಂಟರ್ ಪಕ್ಕದ ಲೈನ್‌ಮನ್) ನೋಡಬೇಕು. ಗಾರ್ಡ್ ಯಾವ ಕಡೆ ಎದ್ದು ಓಡ್ತಾನೋ ಆಟ ಆ ಕಡೆ. ಡಿಫೆನ್ಸಿವ್ ಎಂಡ್ ಒಳಗ ನುಗ್ಗಬಾರದು, ಅಂಚು ಹಿಡದು ನಿಲ್ಲಬೇಕು. ಮಧ್ಯದಾಗ ಓಡಿ ಬರೂ ಫುಲ್‌ಬ್ಯಾಕ್ ಹತ್ರ ಚೆಂಡು ಇರಲಿ ಬಿಡಲಿ, ಅವನನ್ನ ಪ್ರತಿ ಸಲ ಕೆಡವಬೇಕು. ಇದಕ್ಕ ಅಭ್ಯಾಸ ಹೆಂಗಂದ್ರ ಎದುರಾಳಿ ವೇಷದ ಸ್ಕೌಟ್ ತಂಡಕ್ಕ ಚೆಂಡ ಕೊಡಂಗಿಲ್ಲ. ಚೆಂಡಿಲ್ಲದ ಪ್ಲೇ ಓಡಿಸ್ತಾರ. ಆಗ ಪ್ರತಿಯೊಬ್ಬ ತನ್ನ ಗ್ಯಾಪ್ ಅಷ್ಟ ಕಾಯೂದು ಕಲೀತಾನ. ಇಂಥಾ ತಂಡದ ಮ್ಯಾಲೆ 14 ಅಂಕಕ್ಕ ತಡದು ನಿಲ್ಲೂದು ಆಗಸ್ಟ್‌ನಾಗ ಬಂದ ಇಬ್ಬರು ವೇಗದ ಹುಡುಗರಿಂದ ಆಗೂ ಮಾತಲ್ಲ. ಹನ್ನೊಂದು ಜನ ವರ್ಷಾನುಗಟ್ಟಲೆ ಒಂದ ಪಾಠ ಕಲಿತಿರಬೇಕು.

ಪುತ್ತೂರು_ಪಂಟ್
ಇದು ಚಂದ ಬರ್ದಿದ್ದೀರಿ. ನಮ್ಮ ಕಬಡ್ಡಿಯಲ್ಲೂ ಹಾಗೇ ಅಲ್ವಾ, ರೈಡರ್‌ನ ಕೈ ನೋಡಿದವ ಕೆಟ್ಟ, ಸೊಂಟ ನೋಡಿದವ ಹಿಡಿದ.

ಹಾಸನ_ಹಡಲ್
ಇಷ್ಟೆಲ್ಲ ಅಭ್ಯಾಸ ಅಂದ್ರೆ ಮಕ್ಕಳಿಗೆ ಪೆಟ್ಟು ಬೀಳಲ್ವಾ?

ಸಾಗರ_ಸೇಫ್ಟಿ
ಅದಕ್ಕೆ ಯುಐಎಲ್ ಮಿತಿ ಇದೆ. ಸೀಸನ್‌ನಲ್ಲಿ ಒಬ್ಬ ಆಟಗಾರನಿಗೆ ವಾರಕ್ಕೆ 90 ನಿಮಿಷಕ್ಕಿಂತ ಹೆಚ್ಚು ಪೂರ್ಣ ಡಿಕ್ಕಿಯ ಅಭ್ಯಾಸ ಇಲ್ಲ. ಆಗಸ್ಟ್ ಸೆಕೆಗೆ ಬೇರೆ ನಿಯಮ: ಮೊದಲ 2 ದಿನ ಹೆಲ್ಮೆಟ್ ಮಾತ್ರ, 3 ಮತ್ತು 4ನೇ ದಿನ ಶೋಲ್ಡರ್ ಪ್ಯಾಡ್, 5ನೇ ದಿನದಿಂದ ಪೂರ್ತಿ ಪ್ಯಾಡ್. ಮೈ ಬಿಸಿ ಏರಿ ಮಾತು ತೊದಲಿದ್ರೆ, ನಡಿಗೆ ತಪ್ಪಿದ್ರೆ, ಆಸ್ಪತ್ರೆಗೆ ಸಾಗಿಸೋ ಮುಂಚೆ ಅಲ್ಲೇ ಮಂಜುಗಡ್ಡೆ ನೀರಿನ ತೊಟ್ಟಿಯಲ್ಲಿ ಮುಳುಗಿಸಬೇಕು. ಮೊದಲು ತಂಪು, ಆಮೇಲೆ ಸಾಗಣೆ. ಅಭ್ಯಾಸದ ಮೈದಾನದ ಪಕ್ಕ ಆ ತೊಟ್ಟಿ ತುಂಬಿಟ್ಟಿದ್ದಾರಾ ಅಂತ ಪ್ರತಿ ತಂದೆತಾಯಿ ಹೋಗಿ ನೋಡಿ.

ಆರ್‌ಸಿಬಿ_ಅಭಿಮಾನಿ_ಐರ್ವಿಂಗ್
ವಿಷಯ ಸ್ವಲ್ಪ ಬೇರೆ. ಪ್ಲೇಆಫ್ ಅಂದ್ರೆ ನನಗೆ 1994ರ ಪ್ಲೇನೊ ಈಸ್ಟ್ ಮತ್ತು ಟೈಲರ್‌ನ ಜಾನ್ ಟೈಲರ್ ಶಾಲೆಯ ಆಟ. ಮೂರು ನಿಮಿಷ ಚಿಲ್ಲರೆ ಉಳಿದಾಗ ಪ್ಲೇನೊ ಈಸ್ಟ್ 41-17 ಹಿಂದೆ. ಮೂರು ಸಲ ಆನ್‌ಸೈಡ್ ಕಿಕ್ (ಚೆಂಡು ತಾವೇ ಮತ್ತೆ ಹಿಡಿಯೋಕೆ ಹತ್ತಿರಕ್ಕೆ ಒದೆಯೋದು) ಒದ್ದು ಮೂರೂ ತಾವೇ ಹಿಡಿದ್ರು, 44-41 ಮುಂದೆ ಬಂದ್ರು. ಆಮೇಲೆ ಮಾಮೂಲಿ ಕಿಕ್‌ಆಫ್ ಒದ್ದದ್ದೇ ತಡ, ಜಾನ್ ಟೈಲರ್ ಹುಡುಗ ಅದನ್ನ ಹಿಡಿದು ಕೊನೇ ತನಕ ಓಡಿಬಿಟ್ಟ. 48-44.

ಮೈಸೂರು_ಮಾರ್ಜಿನ್
ಆ ಕೊನೇ ಕಿಕ್ ಉದ್ದಕ್ಕೆ ಒದ್ದಿದ್ದೇ ತಪ್ಪು. ನೆಲಕ್ಕೆ ಉರುಳಿಸಿ ಒದ್ದು 35-40 ಗಜದಲ್ಲಿ ಬಿಡಬೇಕಿತ್ತು. ಉಳಿದಿದ್ದು 24 ಸೆಕೆಂಡ್.

ಆರ್‌ಸಿಬಿ_ಅಭಿಮಾನಿ_ಐರ್ವಿಂಗ್
24 ಸೆಕೆಂಡ್‌ನಲ್ಲಿ ಅಲ್ಲಿಂದ ಎರಡು ಪಾಸ್ ಹಾಕಿ ಫೀಲ್ಡ್ ಗೋಲ್ ಒದ್ದು ಸಮ ಮಾಡೋರು. ಒಪ್ಪಲ್ಲ ನಾನು.

ಶಿರಸಿ_ಅಕ್ಕ
ಮೂಲ ವಿಷಯಕ್ಕೆ ಬನ್ನಿ. 8ರಲ್ಲಿ 4 ತಂಡಕ್ಕೆ ಅವಕಾಶ ಕೊಟ್ರೆ ಪ್ಲೇಆಫ್‌ಗೆ ಬೆಲೆ ಏನು ಉಳೀತು? ನಾಲ್ಕನೇ ತಂಡ ಪಕ್ಕದ ಡಿಸ್ಟ್ರಿಕ್ಟ್‌ನ ಚಾಂಪಿಯನ್ ಎದುರು ಹೋಗಿ 50 ಅಂಕದಿಂದ ಸೋಲುತ್ತೆ.

ಧಾರವಾಡ_ಡಿ_ಲೈನ್
ಅಕ್ಕಾರ, ಏಳಲಿಕ್ಕೆ ಹೊಂಟ ತಂಡಕ್ಕ ಆ ನಾಲ್ಕನೇ ಜಾಗನ ಮೊದಲ ಮೆಟ್ಟಿಲು. ಒಂದು ವಾರ ಹೆಚ್ಚಿಗಿ ಅಭ್ಯಾಸ ಸಿಗತದ. ಒಂಬತ್ತು, ಹತ್ತನೇ ಕ್ಲಾಸಿನವರನ್ನ ವಾರ್ಸಿಟಿ ಜೋಡಿ ನಿಲ್ಲಿಸಬಹುದು. ಸತತ ಮೂರು ವರ್ಷ ಮೊದಲ ಸುತ್ತು ಸೋತ ತಂಡಕ್ಕ ಮೂರು ವಾರ ಹೆಚ್ಚಿನ ತಾಲೀಮು ಸಿಕ್ಕಂಗಾತು.

ಶಿರಸಿ_ಅಕ್ಕ
ಆ ಲೆಕ್ಕ ನಾನು ನೋಡಿರಲಿಲ್ಲ. ಆದ್ರೂ ಮೂರು ತಂಡ ಸಾಕು ಅನ್ನೋದು ನನ್ನ ಅಭಿಪ್ರಾಯ.

ಬಯಲುಸೀಮೆ_ಡಲ್ಲಾಸ್
ಎಲ್ಲರಿಗೂ ಧನ್ಯವಾದ. ಒಂದು ಉಳೀತು. ಡಿಸ್ಟ್ರಿಕ್ಟ್ ಒಳಗೆ ಸುಲಭವಾಗಿ ಗೆಲ್ಲೋ ತಂಡ ಬೇಕಂತಲೇ ಸೆಪ್ಟೆಂಬರ್‌ನಲ್ಲಿ 6ಎ ತಂಡಗಳ ಹತ್ರ ಯಾಕೆ ಹೊಡೆಸಿಕೊಳ್ಳುತ್ತೆ? ಸ್ಥಾನಕ್ಕೆ ಲೆಕ್ಕ ಇಲ್ಲ ಅಂದ್ಮೇಲೆ ಸುಲಭದ ಆಟ ಇಟ್ಕೊಂಡು ಮಕ್ಕಳನ್ನ ಉಳಿಸಿಕೊಳ್ಳಬಹುದಲ್ಲ?

ಧಾರವಾಡ_ಡಿ_ಲೈನ್
ಲೆಕ್ಕಕ್ಕ ಇಲ್ಲ ಅಂತನ ಅಲ್ಲಿ ಸೋಲಬಹುದು. ಡಿಸ್ಟ್ರಿಕ್ಟ್‌ನಾಗ 50-0 ಗೆಲ್ಲೂ ತಂಡದ ಮೊದಲ ಸಾಲಿನವರು ಎರಡನೇ ಅರ್ಧದಾಗ ಕುಂತಿರ್ತಾರ. ನಾಲ್ಕನೇ ಕ್ವಾರ್ಟರ್‌ನ ದಣಿವು ಅವರಿಗೆ ಗೊತ್ತ ಇರಂಗಿಲ್ಲ. ಮೂರನೇ ಸುತ್ತಿನಾಗ 21-20 ಇದ್ದಾಗ ಅದು ಗೊತ್ತಿರಬೇಕು. ಸೆಪ್ಟೆಂಬರ್‌ನ ಸೋಲಿನ ವಿಡಿಯೊದಾಗ ಯಾವ ಗಾರ್ಡ್ ಮೂರನೇ ಕ್ವಾರ್ಟರ್‌ಗೆ ಮೇಲೆ ಎದ್ದು ಆಡ್ತಾನ, ಯಾವ ಕಾರ್ನರ್ ಹಿಂದ ಸರೀತಾನ ಎಲ್ಲಾ ಕಾಣತದ. ಸುಲಭದ ಆಟದಾಗ ಅದು ಕಾಣಂಗಿಲ್ಲ.

ಅಪಾಯ ಅದ, ಖರೆ. 16 ಆಟ ಆಡಬೇಕಂದ್ರ ಡಿಫೆನ್ಸಿವ್ ಲೈನ್‌ನಾಗ ನಾಲ್ಕು ಜನ ಸಾಲಂಗಿಲ್ಲ, ಏಳೆಂಟು ಜನರನ್ನ ತಿರುಗಿಸಿ ಆಡಿಸಬೇಕು. ಅಷ್ಟು ಮಂದಿ ಇಲ್ಲದ ಶಾಲೆ ಇದನ್ನ ನಕಲು ಮಾಡಬಾರದು.

ಕೋಲಾರ_ಕಿಕ್ಕರ್
ಬ್ಯಾಚ್ ಅಂದಿದ್ದನ್ನ ವಾಪಸ್ ತಗೋತೀನಿ. ವರ್ಗಾವಣೆ ವಿಷಯ ಮಾತ್ರ ಬಿಡಲ್ಲ. ಮುಂದಿನ ರೀಅಲೈನ್‌ಮೆಂಟ್ ಪಟ್ಟಿ ಬರಲಿ, ಅಲ್ಲಿ ಮಾತಾಡೋಣ.